ಜ್ಞಾನತಪಸ್ವಿನಿ ಮೇರಿ ಕ್ಯೂರಿ

ಹೊಸದನ್ನು ಕಂಡುಹಿಡಿದವರ ಹೆಸರುಗಳು ವಿಜ್ಞಾನದ ಚರಿತ್ರೆಯಲ್ಲಿ ಅನೇಕ. ಕಂಡದ್ದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಲು ವರ್ಷಗಟ್ಟಲೆ ದುಡಿದವರು ವಿರಳ. ಅಂಥವರಲ್ಲಿ ಮೇರಿ ಕ್ಯೂರಿ ಅಗ್ರಗಣ್ಯರು.

ಮೇರಿ 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಉಪಾಧ್ಯಾಯರೊಬ್ಬರ ಮಗಳಾಗಿ ಜನಿಸಿದರು. ಆಗ ಆ ನಗರ ರಷ್ಯದ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಹಲವು ವರ್ಷ ಮನೆಪಾಠ ಹೇಳಿ ದುಡಿದ ಆಕೆ 1891ರಲ್ಲಿ ಪ್ಯಾರಿಸಿಗೆ ಬಂದು ಸೋರ್ಬಾನ್ ವಿಶ್ವವಿದ್ಯಾಲಯವನ್ನು ಸೇರಿದರು. 1893ರಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನೂ, ಮರುವರ್ಷ ಗಣಿತದಲ್ಲಿ ದ್ವಿತೀಯ ಸ್ಥಾನವನ್ನೂ ಗಳಿಸಿದರು. 1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿಯವರನ್ನು ವಿವಾಹವಾದರು. 1897ರಲ್ಲಿ ಹಿರಿಯ ಮಗಳು ಐರೀನ್ ಹುಟ್ಟಿದಳು.

ಅದೇ ವರ್ಷ ಮೇರಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆಯನ್ನು ಕೈಗೊಂಡರು. ಯುರೇನಿಯಂ ಅದೃಶ್ಯ ಕಿರಣಗಳನ್ನು ಸೂಸುವುದನ್ನು ಹೆನ್ರಿ ಬೆಕೆರೆಲ್ 1896ರಲ್ಲಿ ಗುರುತಿಸಿದ್ದರು. ಆ ಕಿರಣಗಳೇ ಮೇರಿಯ ವಿಷಯ. ಪಿಚ್‌ಬ್ಲೆಂಡ್ ಎಂಬ ಅದಿರು ತನ್ನಲ್ಲಿರುವ ಯುರೇನಿಯಂ ಸೂಸಬಹುದಾದುದಕ್ಕಿಂತ ಪ್ರಬಲವಾಗಿ ಕಿರಣ ಸೂಸುತ್ತಿತ್ತು. ಅದರಲ್ಲಿ ಯಾರೂ ಅರಿಯದ ಧಾತು ಅಡಗಿರಬೇಕೆಂದು ಆಕೆ ಊಹಿಸಿದರು. ಪಿಯರ್ ತಮ್ಮ ಸಂಶೋಧನೆಯನ್ನು ಬದಿಗಿರಿಸಿ ಪತ್ನಿಯ ಕಾರ್ಯದಲ್ಲಿ ಜೊತೆಗೂಡಿದರು. 1898ರ ಜುಲೈಯಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ ಎಂಬ ಎರಡು ಹೊಸ ಧಾತುಗಳನ್ನು ದಂಪತಿಗಳು ಪ್ರಕಟಿಸಿದರು.

ಆದರೆ ನಿಜವಾದ ಪರೀಕ್ಷೆ ಆರಂಭವಾದದ್ದು ಆಮೇಲೆ. ಹೆಸರಿಟ್ಟಿದ್ದಾಯಿತು, ವಸ್ತು ಕೈಯಲ್ಲಿರಲಿಲ್ಲ. ಶುದ್ಧ ಲವಣವನ್ನು ಬೇರ್ಪಡಿಸಿ ಪರಮಾಣು ತೂಕವನ್ನು ತೋರಿಸುವ ತನಕ ರಸಾಯನ ವಿಜ್ಞಾನಿಗಳು ಒಪ್ಪುವಂತಿರಲಿಲ್ಲ. ಬೊಹೀಮಿಯದ ಗಣಿಯಿಂದ ಟನ್ನುಗಟ್ಟಲೆ ಅದಿರಿನ ಶೇಷ ಬಂದಿತು. ಕೆಲಸಕ್ಕೆ ದೊರೆತದ್ದು ಸೋರುವ ಗಾಜಿನ ಚಾವಣಿಯ ಹಳೆಯ ಕೊಟ್ಟಿಗೆ. ಅದು ಬೇಸಗೆಯಲ್ಲಿ ಕಾದ ಹಂಚು, ಚಳಿಗಾಲದಲ್ಲಿ ಹಿಮದ ಗುಹೆ. ಒಂದೊಂದು ಬಾರಿಗೆ 20 ಕಿಲೋಗ್ರಾಂವರೆಗೆ ಶೇಷವನ್ನು ಕುದಿಸಿ, ಕಬ್ಬಿಣದ ಸಲಾಕೆಯಿಂದ ಮೇರಿ ಗಂಟೆಗಟ್ಟಲೆ ಕಲಕುತ್ತಿದ್ದರು. ಬಳಿಕ ದ್ರಾವಣವನ್ನು ಹರಳುಗಟ್ಟಿಸಿ, ಕರಗಿಸಿ, ಮತ್ತೆ ಹರಳುಗಟ್ಟಿಸಬೇಕಾಗಿತ್ತು. ಶುದ್ಧಗೊಳಿಸಿದ ದ್ರಾವಣಕ್ಕೆ ಗಾಳಿಯಲ್ಲಿ ಹಾರಿಬಂದ ಕಲ್ಲಿದ್ದಲಿನ ಧೂಳು ಬಿದ್ದರೆ ಪಟ್ಟ ಶ್ರಮ ಕೆಡುತ್ತಿತ್ತು.

ಮನೆಯ ಹೊಣೆ, ಶಿಶುವಿನ ಪಾಲನೆ, 1900ರಿಂದ ಸೇವ್ರ್‌ನ ಶಿಕ್ಷಕಿಯರ ಶಾಲೆಯಲ್ಲಿ ಬೋಧನೆ ಇವೆಲ್ಲದರ ನಡುವೆ ಕೆಲಸ ಸಾಗಿತು. ಈ ಶ್ರಮವನ್ನು ಕೆಲಕಾಲ ನಿಲ್ಲಿಸೋಣವೆಂದು ಪಿಯರ್‌ಗೂ ಅನ್ನಿಸಿದ್ದುಂಟು. ಮೇರಿ ನಿಲ್ಲಿಸಲಿಲ್ಲ. ಗುರಿ ಎಷ್ಟೇ ದೂರವಿರಲಿ, ಅಂದಿನ ಅಳತೆಯನ್ನು ಅಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವುದು ಆಕೆಯ ನಿಯಮ. ಪಿಯರ್ ಮತ್ತು ಅವರ ಅಣ್ಣ ಜಾಕ್ ರೂಪಿಸಿದ್ದ ಸೂಕ್ಷ್ಮ ಉಪಕರಣ ಆಕೆಗೆ ದಾರಿದೀಪವಾಯಿತು. 1898ರ ಕೊನೆಗೆ ಯುರೇನಿಯಂಗಿಂತ 900 ಪಟ್ಟು ಪ್ರಬಲವಾಗಿದ್ದ ವಸ್ತು, ಶುದ್ಧಿ ಹೆಚ್ಚಿದಂತೆ ಇನ್ನಷ್ಟು ಪ್ರಬಲವಾಗುತ್ತ ಹೋಯಿತು. ಕಣ್ಣಿಗೆ ಕಾಣದ ಪ್ರಗತಿಯನ್ನು ಅಂಕಿಗಳು ತೋರಿಸುತ್ತಿದ್ದವು. ಕೆಲವು ರಾತ್ರಿ ದಂಪತಿಗಳು ಕೊಟ್ಟಿಗೆಗೆ ಮರಳಿ, ಕತ್ತಲಲ್ಲಿ ಮಿನುಗುವ ಗಾಜಿನ ಕೊಳವೆಗಳನ್ನು ಮೌನವಾಗಿ ನೋಡುತ್ತಿದ್ದರು.

1902ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮೇರಿ ವಾರ್ಸಾ ತಲಪುವ ಮೊದಲೇ ಅವರು ಕಣ್ಮುಚ್ಚಿದ್ದರು. ಆ ವರ್ಷವೇ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಶುದ್ಧ ರೇಡಿಯಂ ಕ್ಲೋರೈಡ್ ಆಕೆಯ ಕೈಸೇರಿತು. ರೇಡಿಯಂನ ಪರಮಾಣು ತೂಕ 225 ಎಂದು ಆಕೆ ನಿರ್ಧರಿಸಿದರು. ಇಂದು ಅಂಗೀಕೃತವಾದ ಸಂಖ್ಯೆ 226. 1903ರ ಜೂನ್ 25ರಂದು ಮೇರಿ ಪ್ರಬಂಧವನ್ನು ಪರೀಕ್ಷಕರ ಮುಂದೆ ಮಂಡಿಸಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಪಿಯರ್ ಮತ್ತು ಬೆಕೆರೆಲ್ ಅವರೊಂದಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು.

1906ರಲ್ಲಿ ಪಿಯರ್ ಅಪಘಾತದಲ್ಲಿ ಮಡಿದರು. ಮೇರಿ ಕೆಲಸವನ್ನು ಮುಂದುವರಿಸಿ 1911ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಗಳಿಸಿದರು. ವಿಕಿರಣದ ಅಪಾಯ ಆ ಕಾಲದಲ್ಲಿ ಸರಿಯಾಗಿ ತಿಳಿದಿರಲಿಲ್ಲ. ರಕ್ತ ಸಂಬಂಧವಾದ ರೋಗದಿಂದ ಆಕೆ 1934ರ ಜುಲೈ 4ರಂದು ನಿಧನರಾದರು.

ಆರಂಭದ ಉತ್ಸಾಹ ಅನೇಕರಿಗೆ ಇರುತ್ತದೆ. ಕೊನೆಯ ಕೀರ್ತಿಯನ್ನು ಎಲ್ಲರೂ ಬಯಸುತ್ತಾರೆ. ಇವೆರಡರ ನಡುವಿನ ದೀರ್ಘ ದಾರಿಯನ್ನು ದಿನಕ್ಕೊಂದು ಹೆಜ್ಜೆಯಂತೆ ನಡೆದವರಿಗೆ ಮಾತ್ರ ಗುರಿ ದೊರೆಯುತ್ತದೆ. ಆ ಹಳೆಯ ಕೊಟ್ಟಿಗೆಯಲ್ಲಿ ಕಳೆದ ವರ್ಷಗಳು ಸಾರುವ ಪಾಠ ಇದೇ.