ಡಾ. ಜಾಕಿರ್ ಹುಸೇನ್: ಕಸುಬು ಮತ್ತು ಪಾಠವನ್ನು ಒಂದುಗೂಡಿಸಿದ ಶಿಕ್ಷಣತಜ್ಞ

ಭಾರತದ ಮೂರನೆಯ ರಾಷ್ಟ್ರಪತಿಗಳಾಗಿದ್ದ ಡಾ. ಜಾಕಿರ್ ಹುಸೇನ್‌ರವರು 1897ರ ಫೆಬ್ರವರಿ 8ರಂದು ಹೈದರಾಬಾದ್‌ನಲ್ಲಿ ಜನಿಸಿದರು. ವಕೀಲರಾಗಿದ್ದ ತಂದೆಯವರು ಇವರ ಬಾಲ್ಯದಲ್ಲಿಯೇ ನಿಧನರಾದರು. ಇಟಾವಾದ ಇಸ್ಲಾಮಿಯಾ ಪ್ರೌಢಶಾಲೆಯಲ್ಲಿಯೂ ಆಲಿಗಢದಲ್ಲಿಯೂ ವ್ಯಾಸಂಗ ಮಾಡಿದ ಇವರು, 1920ರಲ್ಲಿ ಜಾಮಿಯಾ ಮಿಲಿಯಾ ಇಸ್ಲಾಮಿಯಾ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು.

ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಬರ್ಲಿನ್ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಕೈಗೆಲಸದ ಮೂಲಕ ಕಲಿಕೆಯನ್ನು ಪ್ರತಿಪಾದಿಸಿದ ಮ್ಯೂನಿಕ್‌ನ ಶಿಕ್ಷಣತಜ್ಞ ಕೆರ್ಶೆನ್‌ಸ್ಟೈನರ್‌ರವರ ವಿಚಾರಗಳು ಇವರ ಮೇಲೆ ಪ್ರಭಾವ ಬೀರಿದವು. 1926ರಲ್ಲಿ ಸ್ವದೇಶಕ್ಕೆ ಮರಳಿ, ಆರ್ಥಿಕ ಸಂಕಷ್ಟದಲ್ಲಿದ್ದ ಜಾಮಿಯಾದ ಕುಲಪತಿ ಹೊಣೆಯನ್ನು ವಹಿಸಿಕೊಂಡು, ಅಲ್ಪ ವೇತನದಲ್ಲಿ 1948ರವರೆಗೆ ಸೇವೆ ಸಲ್ಲಿಸಿದರು.

1937ರ ಅಕ್ಟೋಬರ್‌ನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಜರುಗಿತು. ಮಕ್ಕಳು ತಯಾರಿಸಿದ ವಸ್ತುಗಳ ಮಾರಾಟದಿಂದಲೇ ಶಾಲೆಯ ವೆಚ್ಚ ನಿರ್ವಹಿಸುವ ಅಂಶದ ಬಗ್ಗೆ ಇವರು ಅಲ್ಲಿ ಶಂಕೆ ವ್ಯಕ್ತಪಡಿಸಿದರು. ಆದಾಗ್ಯೂ, ಪಠ್ಯಕ್ರಮ ರಚಿಸುವ ಸಮಿತಿಗೆ ಇವರನ್ನೇ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಮಿತಿಯು ವರದಿ ಸಲ್ಲಿಸಿತು.

ಏಳು ವರ್ಷಗಳ ಸದರಿ ಯೋಜನೆಯಲ್ಲಿ ಪ್ರತಿದಿನ 3 ಗಂಟೆ 20 ನಿಮಿಷಗಳನ್ನು ನೂಲುವಿಕೆ, ಮರಗೆಲಸ, ಬೇಸಾಯ ಮುಂತಾದ ಮೂಲ ಕಸುಬಿಗೆ ಮೀಸಲಿಡಲಾಗಿತ್ತು. ನೂಲು ತೆಗೆಯುವಾಗ ಅದರ ಅಳತೆಯಿಂದ ಗಣಿತವನ್ನು, ಹತ್ತಿಯಿಂದ ವಿಜ್ಞಾನವನ್ನು, ಬಟ್ಟೆ ವ್ಯಾಪಾರದಿಂದ ಚರಿತ್ರೆಯನ್ನು ಕಲಿಸುವುದು ಇದರ ರೀತಿ. ಆದಾಯಕ್ಕೆ ಮಾತ್ರ ಗಮನ ನೀಡಿದಲ್ಲಿ ಮಕ್ಕಳು ಕೇವಲ ದುಡಿಮೆಗಾರರಾಗುವ ಅಪಾಯವಿದೆಯೆಂದು ವರದಿಯು ಎಚ್ಚರಿಸಿತು.

ಈ ಅಪಾಯವನ್ನು ತಡೆಯುವ ಹೊಣೆ ಶಿಕ್ಷಕರದಾಗಿತ್ತು. ಕಸುಬು ಬಲ್ಲವರಿಗೆ ಪಾಠ ಬಾರದೆ, ಪಾಠ ಬಲ್ಲವರಿಗೆ ಕಸುಬು ಬಾರದೆ ಇದ್ದಲ್ಲಿ ಯೋಜನೆ ಸಫಲವಾಗದು. ಆದ್ದರಿಂದ ಶಿಕ್ಷಕರಿಗೆ ಮೂರು ವರ್ಷಗಳ ಪೂರ್ಣ ತರಬೇತಿ ಹಾಗೂ ತುರ್ತು ಅಗತ್ಯಕ್ಕಾಗಿ ಒಂದು ವರ್ಷದ ತರಬೇತಿಯನ್ನು ಸಮಿತಿಯು ಸೂಚಿಸಿತು. ಕಸುಬಿನ ಅಭ್ಯಾಸ, ಶಿಕ್ಷಣ ತತ್ವ ಹಾಗೂ ಬೋಧನಾಭ್ಯಾಸಗಳು ಇದರಲ್ಲಿ ಸೇರಿದ್ದವು. 1938ರಲ್ಲಿ ಜಾಮಿಯಾದಲ್ಲಿಯೇ ಶಿಕ್ಷಕರ ತರಬೇತಿ ಸಂಸ್ಥೆಯನ್ನು ಆರಂಭಿಸಲಾಯಿತು.

ಸ್ವಾತಂತ್ರ್ಯಾನಂತರ ಮೂಲ ಶಿಕ್ಷಣವು ಅನೇಕ ಕಡೆ ಹೆಸರಿಗೆ ಮಾತ್ರ ಉಳಿಯಿತು. ಆದರೂ ಕೆಲಸ ಮತ್ತು ಕಲಿಕೆಯ ಸಂಬಂಧದ ವಿಚಾರವು ಅಳಿಯಲಿಲ್ಲ. 1964-66ರ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಾಲಾ ಶಿಕ್ಷಣದ ಭಾಗವಾಗಿಸಲು ಶಿಫಾರಸು ಮಾಡಿತು.

ಬಿಹಾರದ ರಾಜ್ಯಪಾಲರಾಗಿ, ಉಪರಾಷ್ಟ್ರಪತಿಗಳಾಗಿ ಸೇವೆ ಸಲ್ಲಿಸಿದ ಇವರಿಗೆ 1963ರಲ್ಲಿ ಭಾರತ ರತ್ನ ಲಭಿಸಿತು. 1967ರಲ್ಲಿ ರಾಷ್ಟ್ರಪತಿಗಳಾದ ಇವರು, ಅಧಿಕಾರದಲ್ಲಿರುವಾಗಲೇ 1969ರ ಮೇ 3ರಂದು ನಿಧನರಾದರು. ದೆಹಲಿಯ ಜಾಮಿಯಾ ಆವರಣದಲ್ಲಿ ಇವರ ಸಮಾಧಿ ಇರುತ್ತದೆ.