ಫ್ರಿಜ್ಜಿನೊಳಗಿನ ಫ್ಯಾರಡೆ

ಮೈಕೆಲ್ ಫ್ಯಾರಡೆ ತೀರಿಕೊಂಡಿದ್ದು 1867ರಲ್ಲಿ. ಮನೆಗಳಿಗೆ ಕರೆಂಟ್ ಫ್ರಿಜ್ ಬರೋಕೆ ಅದಾದ ಮೇಲೂ ನಲವತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು. ಆದ್ರೂ ಇವತ್ತು ಮನೆ ಫ್ರಿಜ್ಜಿಗೆ ಒಂದು ವೈರ್‌ಲೆಸ್ ಟೆಂಪರೇಚರ್ ಸೆನ್ಸರ್ ಆರಿಸೋಕೆ ಕೂತರೆ ಈ ಮನುಷ್ಯ ಮೂರು ಸಲ ಎದುರಾಗ್ತಾನೆ. ತಂಪು ಹುಟ್ಟೋ ರೀತಿಯಲ್ಲಿ ಒಂದು ಸಲ, ಆ ತಂಪನ್ನು ಅಳೆಯೋ ಪುಟ್ಟ ಕಾಂಪೊನೆಂಟ್‌ನಲ್ಲಿ ಒಂದು ಸಲ, ಅಳೆದದ್ದು ಹೊರಗೆ ಬರದಂತೆ ತಡೆಯೋ ಲೋಹದ ಪೆಟ್ಟಿಗೆಯಲ್ಲಿ ಇನ್ನೊಂದು ಸಲ. ನಾಲ್ಕನೇದೂ ಇದೆ, ಅದನ್ನು ಆಮೇಲೆ ಹೇಳ್ತೀವಿ.

ಈ ಸೆಮಿಸ್ಟರ್ ನಮ್ಮ ನಾಲ್ಕು ಜನರ ಗುಂಪಿನ ಮಿನಿ ಪ್ರಾಜೆಕ್ಟ್ ಇದೇ ಸೆನ್ಸರ್. ಗುಂಪಿನಲ್ಲಿ ಒಬ್ಬರ ಮನೆಯಲ್ಲಿ ಅಜ್ಜಿಯ ಇನ್ಸುಲಿನ್ ಫ್ರಿಜ್ಜಿನಲ್ಲೇ ಇರೋದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಹೆಚ್ಚು ಬೆಚ್ಚಗಾದರೆ ಅದರ ಶಕ್ತಿ ಕುಂದುತ್ತೆ, ಒಂದು ಸಲ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಬಳಸೋ ಹಾಗಿಲ್ಲ. ಹಾಲು ಕೆಟ್ಟರೆ ವಾಸನೆ ಹೇಳುತ್ತೆ. ಔಷಧಿ ಕೆಟ್ಟರೆ ಕಣ್ಣಿಗೆ ಕಾಣಲೇಬೇಕು ಅಂತೇನಿಲ್ಲ. ಹಾಗಾಗಿ ಯಾವ ಸೆನ್ಸರ್ ಅನ್ನೋ ಪ್ರಶ್ನೆ ನಮಗೆ ಬರೀ ಮಾರ್ಕ್ಸಿನ ಪ್ರಶ್ನೆ ಆಗಿರಲಿಲ್ಲ. ಅದಕ್ಕೆ ಉತ್ತರ ಹುಡುಕ್ತಾ ಹೋದಾಗಲೇ ಫ್ಯಾರಡೆಯ ಜೀವನ ಬಿಡಿಬಿಡಿಯಾಗಿ ಸಿಕ್ಕಿದ್ದು. ಅದನ್ನೇ ಇಲ್ಲಿ ಜೋಡಿಸಿದ್ದೀವಿ.

ಬುಕ್ ಬೈಂಡರ್ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗಿನ ದಕ್ಷಿಣ ಲಂಡನ್‌ಗೆ ಸೇರಿರೋ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ಅಪ್ಪ ಜೇಮ್ಸ್ ಕಮ್ಮಾರ, ಆರೋಗ್ಯ ಸರಿ ಇರಲಿಲ್ಲ. ನಾಲ್ಕು ಮಕ್ಕಳ ಮನೆ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನ ಪಾಲಿಗೆ ಒಂದು ವಾರಕ್ಕೆ ಒಂದೇ ಒಂದು ಬ್ರೆಡ್ ಸಿಗ್ತಿತ್ತು ಅಂತ ಹೇಳ್ತಾರೆ. ಶಾಲೆಯಲ್ಲಿ ಕಲಿತಿದ್ದು ಓದು, ಬರಹ, ಸ್ವಲ್ಪ ಲೆಕ್ಕ. ಅಷ್ಟೇ.

ಹದಿಮೂರನೇ ವಯಸ್ಸಿಗೆ ಜಾರ್ಜ್ ರೀಬೋ ಅನ್ನೋರ ಪುಸ್ತಕದಂಗಡಿಯಲ್ಲಿ ಪೇಪರ್ ಹಂಚೋ ಕೆಲಸ ಹಿಡಿದ. ಮಾರನೇ ವರ್ಷ, 1805ರಲ್ಲಿ, ಅಲ್ಲೇ ಏಳು ವರ್ಷಕ್ಕೆ ಬೈಂಡಿಂಗ್ ಕಲಿಯೋಕೆ ಸೇರಿಕೊಂಡ. ಹೊಲಿಯೋಕೆ ಬಂದ ಪುಸ್ತಕಗಳನ್ನೇ ಓದ್ತಿದ್ದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವೆರಡೂ ಅವನನ್ನು ಹಿಡಿದುಕೊಂಡವು. ಓದಿದ್ದನ್ನು ಕೈಗೆ ಸಿಕ್ಕ ಸಾಮಾನಲ್ಲಿ ಮಾಡಿ ನೋಡ್ತಿದ್ದ. ಜಾನ್ ಟೇಟಮ್ ಅನ್ನೋರು ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಕೊಡ್ತಿದ್ರು. ಒಂದಕ್ಕೆ ಒಂದು ಶಿಲ್ಲಿಂಗ್ ಫೀಸು. ಆ ದುಡ್ಡು ಕೊಟ್ಟಿದ್ದು ಕಮ್ಮಾರಿಕೆ ಮಾಡ್ತಿದ್ದ ಅಣ್ಣ ರಾಬರ್ಟ್.

ಇನ್ನೊಂದು ವಿಷಯ ನಮ್ಮ ಹಾಗೆ ಇಂಗ್ಲಿಷ್ ಮೀಡಿಯಂನಿಂದ ಬಂದು ಕನ್ನಡದಲ್ಲಿ ಬರೆಯೋಕೆ ತಡವರಿಸೋರಿಗೆ ಖುಷಿ ಕೊಡುತ್ತೆ. ಫ್ಯಾರಡೆಗೆ ತನ್ನ ಮಾತೃಭಾಷೆಯ ವ್ಯಾಕರಣವೇ ಸರಿಯಾಗಿ ಬರ್ತಿರಲಿಲ್ಲ. ಎಡ್ವರ್ಡ್ ಮಗ್ರಾತ್ ಅನ್ನೋ ಗೆಳೆಯನ ಹತ್ತಿರ ವರ್ಷಗಟ್ಟಲೆ ತನ್ನ ಬರಹ ತಿದ್ದಿಸಿಕೊಂಡ. ಇದರಲ್ಲಿ ನಾಚಿಕೆಪಡೋದು ಏನಿದೆ ಅನ್ನೋ ಮನಸ್ಸಿತ್ತು.

1812ರಲ್ಲಿ ಅಂಗಡಿಗೆ ಬರ್ತಿದ್ದ ವಿಲಿಯಂ ಡಾನ್ಸ್ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನ ಟಿಕೆಟ್ ಕೊಟ್ಟರು. ಉಪನ್ಯಾಸ ಹಂಫ್ರಿ ಡೇವಿಯದು. ಅವತ್ತಿನ ಮಟ್ಟಿಗೆ ಡೇವಿ ಅಂದ್ರೆ ವಿಜ್ಞಾನದ ಸ್ಟಾರ್. ಫ್ಯಾರಡೆ ನಾಲ್ಕು ಉಪನ್ಯಾಸಗಳ ನೋಟ್ಸ್ ಬರೆದು, ಚಿತ್ರ ಹಾಕಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿಕೊಟ್ಟ. ರೆಸ್ಯೂಮೆ ಅಂದ್ರೆ ಅದು. 1813ರ ಮಾರ್ಚ್‌ನಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸ ಸಿಕ್ತು. ಜೊತೆಗೆ ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ಎರಡು ಕೋಣೆ. ಆ ವರ್ಷವೇ ಡೇವಿ ದಂಪತಿ ಜೊತೆ ಯುರೋಪ್ ಪ್ರವಾಸ ಹೊರಟ. ಆಂಪಿಯರ್‌ನನ್ನೂ ವೋಲ್ಟಾನನ್ನೂ ನೋಡಿದ. ಆದರೆ ಡೇವಿಯ ಹೆಂಡತಿ ಅವನನ್ನು ಮನೆಯಾಳಿನ ಹಾಗೆ ನಡೆಸಿಕೊಂಡರು. ಬಿಟ್ಟು ವಾಪಸ್ ಹೋಗಿಬಿಡೋಣ ಅನ್ನಿಸುವಷ್ಟು ನೋವಾಗಿತ್ತು. ಹೋಗಲಿಲ್ಲ.

ಬಗ್ಗಿದ ಗಾಜಿನ ಕೊಳವೆ

1823ರಲ್ಲಿ ಫ್ಯಾರಡೆ ಬಾಯಿ ಮುಚ್ಚಿದ ಗಾಜಿನ ಕೊಳವೆಯೊಳಗೆ ಕ್ಲೋರಿನ್ ಅನಿಲವನ್ನು ದ್ರವ ಮಾಡಿದ. ಒತ್ತಡಕ್ಕೆ ಕೊಳವೆಗಳು ಸಿಡಿದು ಕಣ್ಣಿಗೆ ಗಾಜಿನ ಚೂರು ಹೊಕ್ಕಿದ್ದೂ ಉಂಟು. ಆಮೇಲೆ ಅಮೋನಿಯಾದ ಸರದಿ. ಅಮೋನಿಯಾ ಹೀರಿದ ಸಿಲ್ವರ್ ಕ್ಲೋರೈಡನ್ನು ಬಗ್ಗಿದ ಕೊಳವೆಯ ಒಂದು ತುದಿಯಲ್ಲಿಟ್ಟು ಬಿಸಿ ಮಾಡಿದ, ಇನ್ನೊಂದು ತುದಿಯನ್ನು ತಣ್ಣಗಿಟ್ಟ. ತಣ್ಣನೆ ತುದಿಯಲ್ಲಿ ದ್ರವ ಅಮೋನಿಯಾ ಸೇರಿತು. ಬೆಂಕಿ ತೆಗೆದಾಗ ಸಿಲ್ವರ್ ಕ್ಲೋರೈಡ್ ಅಮೋನಿಯಾವನ್ನು ಮತ್ತೆ ಹೀರೋಕೆ ಶುರು ಮಾಡಿತು, ಈ ಕಡೆ ದ್ರವ ಕುದಿದು ಆವಿಯಾಗ್ತಾ ಕೊಳವೆಯ ಆ ತುದಿ ಚೆನ್ನಾಗಿ ತಣ್ಣಗಾಯ್ತು.

ಫ್ರಿಜ್ ಮಾಡೋದೂ ಇದನ್ನೇ ಅಲ್ವಾ? ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತೆ, ಆ ಆವಿಯನ್ನು ಮತ್ತೆ ದ್ರವ ಮಾಡ್ತೀವಿ. ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಕಂಪ್ರೆಸರ್ ಇದೆ. ಅದರ ಮೋಟರ್ ತಿರುಗೋದೂ ಫ್ಯಾರಡೆ 1821ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ತಿರುಗುವಿಕೆ ಮತ್ತು 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ತಂತಿ ಸುತ್ತಿ ಕಂಡುಕೊಂಡ ಇಂಡಕ್ಷನ್, ಇವೆರಡರ ಬಲದಿಂದಲೇ.

ಕಂಪ್ರೆಸರ್ ಸದಾ ಓಡಲ್ಲ. ಆನ್, ಆಫ್ ಆಗ್ತಾ ಇರುತ್ತೆ. ಫ್ರಾಸ್ಟ್ ಫ್ರೀ ಫ್ರಿಜ್ ಆದರೆ ನಡುವೆ ಡಿಫ್ರಾಸ್ಟ್ ಹೀಟರ್ ಕೂಡ ಆನ್ ಆಗುತ್ತೆ. ಹಾಗಾಗಿ ಒಳಗಿನ ಗಾಳಿಯ ಉಷ್ಣತೆ ಹಾವಿನ ಹಾಗೆ ಏರಿಳಿಯುತ್ತೆ. ಬಾಗಿಲು ತೆಗೆದರೂ ಅಷ್ಟೇ. ಆದರೆ ಒಳಗಿರೋ ಬಾಟಲಿಯ ಉಷ್ಣತೆ ಅಷ್ಟು ಬೇಗ ಬದಲಾಗಲ್ಲ. ನಮಗೆ ಬೇಕಿರೋದು ಬಾಟಲಿಯ ಲೆಕ್ಕ. ಅದಕ್ಕೆ ಪ್ರೋಬನ್ನು ಬರೀ ಗಾಳಿಯಲ್ಲಿ ನೇತುಹಾಕದೆ ನೀರು ಅಥವಾ ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿಡಬೇಕು. ಫ್ರೀಜರ್ ಆದರೆ ಗ್ಲಿಸರಿನ್. ಅಲಾರಂ ಕೂಡ ಗಡಿ ದಾಟಿದ ಕ್ಷಣಕ್ಕೇ ಕೂಗದೆ ಸ್ವಲ್ಪ ಹೊತ್ತು ಕಾದು ಕೂಗೋ ಹಾಗಿರಬೇಕು. ಇಲ್ಲದಿದ್ರೆ ಮನೆಯವರು ಎರಡೇ ದಿನಕ್ಕೆ ಅದನ್ನು ಮ್ಯೂಟ್ ಮಾಡ್ತಾರೆ.

ಬಿಸಿಯಾದರೆ ದಾರಿ ಬಿಡೋ ವಸ್ತು

1833ರಲ್ಲಿ ಫ್ಯಾರಡೆ ಸಿಲ್ವರ್ ಸಲ್ಫೈಡ್ ಮೂಲಕ ಕರೆಂಟ್ ಹರಿಸಿ ನೋಡ್ತಿದ್ದ. ಲೋಹ ಬಿಸಿಯಾದರೆ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತೆ ಅನ್ನೋದು ಆಗಲೇ ಗೊತ್ತಿತ್ತು. ಇಲ್ಲಿ ಉಲ್ಟಾ ಆಯ್ತು. ದೀಪ ಹಿಡಿದು ಬಿಸಿ ಮಾಡಿದಷ್ಟೂ ಕರೆಂಟ್ ಹೆಚ್ಚು ಹರಿಯಿತು, ಆರಿದ ಮೇಲೆ ಮತ್ತೆ ಕಡಿಮೆಯಾಯ್ತು. ಯಾಕೆ ಅನ್ನೋದಕ್ಕೆ ಆ ಕಾಲದಲ್ಲಿ ಉತ್ತರ ಇರಲಿಲ್ಲ, ಸೆಮಿಕಂಡಕ್ಟರ್ ಅನ್ನೋ ಕಲ್ಪನೆ ತುಂಬಾ ಆಮೇಲೆ ಬಂದಿದ್ದು. ಆತ ನೋಡಿದ್ದನ್ನು ನೋಡಿದ ಹಾಗೇ ಬರೆದಿಟ್ಟ. ಸುಮಾರು ನೂರು ವರ್ಷ ಆದಮೇಲೆ ಅದೇ ಗುಣ ಎನ್‌ಟಿಸಿ ಥರ್ಮಿಸ್ಟರ್ ಆಗಿ ಮಾರುಕಟ್ಟೆಗೆ ಬಂತು.

ಅಗ್ಗದ ಫ್ರಿಜ್ ಸೆನ್ಸರ್‌ಗಳಲ್ಲಿ ಹೆಚ್ಚಾಗಿ ಇರೋದು ಇದೇ. 25 ಡಿಗ್ರಿಗೆ 10 ಕಿಲೋಓಮ್ ಇರೋ ಥರ್ಮಿಸ್ಟರ್ ತಗೊಳ್ಳಿ, ಬೀಟಾ 3950 ಅಂದುಕೊಳ್ಳಿ. ಫಾರ್ಮುಲಾಗೆ ಹಾಕಿದರೆ 0 ಡಿಗ್ರಿಗೆ ಸುಮಾರು 34 ಕಿಲೋಓಮ್, ಫ್ರೀಜರ್‌ನ ಮೈನಸ್ 18ಕ್ಕೆ ಸುಮಾರು 93 ಕಿಲೋಓಮ್ ಬರುತ್ತೆ. ಕೆಳಗೆ ಹೋದಷ್ಟೂ ಬದಲಾವಣೆ ದೊಡ್ಡದು, ಅಳೆಯೋಕೆ ಅನುಕೂಲ. ಡಿಜಿಟಲ್ ಬೇಕು ಅಂದ್ರೆ ನಮ್ಮ ಲ್ಯಾಬಿನ ಹಳೇ ಗೆಳೆಯ ಡಿಎಸ್18ಬಿ20 ಇದೆ. ಅದು ಮೈನಸ್ 55ರವರೆಗೆ ಅಳೆಯುತ್ತೆ ನಿಜ, ಆದರೆ ಎಲ್ಲರೂ ಹೇಳೋ ಅರ್ಧ ಡಿಗ್ರಿ ನಿಖರತೆ ಇರೋದು ಮೈನಸ್ 10ರಿಂದ 85ರ ನಡುವೆ ಮಾತ್ರ. ಫ್ರೀಜರ್ ಅದರ ಹೊರಗೆ ಬೀಳುತ್ತೆ. ಡಬ್ಬದ ಮೇಲಿನ ದೊಡ್ಡ ಅಕ್ಷರ ಬಿಟ್ಟು ಡೇಟಾಶೀಟ್ ನೋಡಿ ಅಂತ ಹೇಳೋದು ಇದಕ್ಕೇ. ಯಾವುದನ್ನೇ ತಂದರೂ ಮೊದಲು ಪುಡಿ ಐಸು ಮತ್ತು ನೀರಿನ ಮಿಶ್ರಣದಲ್ಲಿ ಮುಳುಗಿಸಿ, 0 ತೋರಿಸುತ್ತಾ ನೋಡಿ. ಖರ್ಚಿಲ್ಲದ ಕ್ಯಾಲಿಬ್ರೇಷನ್.

ಹನ್ನೆರಡು ಅಡಿಯ ಪಂಜರ

1836ರ ಜನವರಿಯಲ್ಲಿ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹನ್ನೆರಡು ಅಡಿ ಉದ್ದ, ಅಗಲ, ಎತ್ತರದ ಮರದ ಚೌಕಟ್ಟು ಕಟ್ಟಿಸಿದ. ಅದಕ್ಕೆ ತಾಮ್ರದ ತಂತಿ, ಕಾಗದ, ತವರದ ಹಾಳೆ ಹೊದಿಸಿದ. ನೆಲಕ್ಕೆ ತಾಗದ ಹಾಗೆ ಇಟ್ಟು ಯಂತ್ರದಿಂದ ಚಾರ್ಜ್ ಕೊಡಿಸಿದ. ಹೊರಮೈಯಿಂದ ಕಿಡಿ ಹಾರ್ತಿತ್ತು. ಆತ ತನ್ನ ಉಪಕರಣಗಳ ಜೊತೆ ಒಳಗೇ ಇದ್ದ. ಒಳಗೆ ವಿದ್ಯುತ್ತಿನ ಸುಳಿವೇ ಸಿಗಲಿಲ್ಲ. ಚಾರ್ಜ್ ಎಲ್ಲಾ ಹೊರಮೈಯಲ್ಲೇ ಉಳಿದಿತ್ತು.

ಫ್ರಿಜ್ಜೂ ಅಂಥದ್ದೇ ಒಂದು ಪಂಜರ, ಸ್ವಲ್ಪ ತೂತಿರೋದು. ಹೊರಮೈ ಸ್ಟೀಲ್ ತಗಡು, ರೇಡಿಯೋ ಅಲೆಯನ್ನು ತಡೆಯುತ್ತೆ. ಬಾಗಿಲ ಸುತ್ತ ಇರೋ ರಬ್ಬರ್ ಗ್ಯಾಸ್ಕೆಟ್ ಹತ್ತಿರ ಲೋಹ ಲೋಹಕ್ಕೆ ಕೂಡಲ್ಲ, ಅಲ್ಲಿಂದ ಸಿಗ್ನಲ್ ಸೋರುತ್ತೆ. ಫೋನ್ ಒಳಗಿಟ್ಟು ಕಾಲ್ ಮಾಡಿದರೆ ಎಷ್ಟೋ ಸಲ ರಿಂಗ್ ಆಗೋದು ಇದಕ್ಕೇ. ಆದರೆ ಸೋರೋ ಸಿಗ್ನಲ್ ಮೇಲೆ ಔಷಧಿಯನ್ನು ನಂಬಿ ಬಿಡೋಕೆ ಆಗಲ್ಲ. ಜೊತೆಗೆ ಒಳಗಿರೋ ನೀರು, ಹಾಲು, ತರಕಾರಿ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿಯೇ ಹೀರುತ್ತವೆ. 433 ಮೆಗಾಹರ್ಟ್ಸ್‌ನ ಸೆನ್ಸರ್‌ಗಳು ಗೋಡೆ ದಾಟೋದರಲ್ಲಿ ಸಾಮಾನ್ಯವಾಗಿ ಉತ್ತಮ, ಆದರೆ ಅವಕ್ಕೆ ಬೇರೆ ರಿಸೀವರ್ ಬೇಕು.

ಬ್ಯಾಟರಿಗೂ ಚಳಿ ಆಗುತ್ತೆ. ಸಿಆರ್2032 ಬಿಲ್ಲೆಯ ಒಳರೆಸಿಸ್ಟೆನ್ಸ್ ತಂಪಿನಲ್ಲಿ ಏರುತ್ತೆ, ರೇಡಿಯೋ ಕಳಿಸೋ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗಬಹುದು. ಅಲ್ಕಲೈನ್ ಸೆಲ್‌ಗಳಿಗೆ ಮೈನಸ್ 18 ಅಂದ್ರೆ ಹೆಚ್ಚುಕಡಿಮೆ ಕೊನೆಯ ಗಡಿ. ಒಳಗೇ ಇಡಬೇಕು ಅಂದ್ರೆ ಮೈನಸ್ 40ರವರೆಗೆ ತಾಳೋ ಲಿಥಿಯಂ ಎಎ ಸೆಲ್ ಹಾಕಿ.

ಈ ಎರಡೂ ತಲೆನೋವಿಗೆ ಒಂದೇ ಮದ್ದು: ಪ್ರೋಬ್ ಮಾತ್ರ ಒಳಗೆ, ರೇಡಿಯೋ ಮತ್ತು ಬ್ಯಾಟರಿ ಹೊರಗೆ. ತೆಳ್ಳಗಿನ ಚಪ್ಪಟೆ ವೈರ್ ಗ್ಯಾಸ್ಕೆಟ್ ಕೆಳಗೆ ಹಾದು ಬರುತ್ತೆ, ಬಾಗಿಲೂ ಸರಿಯಾಗಿ ಮುಚ್ಚುತ್ತೆ. ನಾವು ಆರಿಸಿದ್ದು ಇಂಥದ್ದೇ.

ಇನ್ನೊಂದು ಮಾತು. ಕರೆಂಟ್ ಹೋದಾಗಲೇ ಅಲಾರಂ ಬೇಕಿರೋದು, ಆದರೆ ಅದೇ ಹೊತ್ತಿಗೆ ಮನೆಯ ವೈಫೈ ರೂಟರ್ ಕೂಡ ಸತ್ತಿರುತ್ತೆ. ರೂಟರ್‌ಗೆ ಸಣ್ಣ ಯುಪಿಎಸ್ ಇಡಿ, ಇಲ್ಲವೇ ತಾನೇ ಬೀಪ್ ಮಾಡೋ ಮತ್ತು ರೀಡಿಂಗ್‌ಗಳನ್ನು ತನ್ನಲ್ಲೇ ಉಳಿಸಿಕೊಳ್ಳೋ ಸೆನ್ಸರ್ ತಗೊಳ್ಳಿ. ಫ್ಯಾರಡೆಯ ಲ್ಯಾಬ್ ಡೈರಿಯೂ ಹಾಗೇ ಇತ್ತು. ಪ್ರತಿ ಟಿಪ್ಪಣಿಗೂ ನಂಬರ್ ಹಾಕ್ತಾ ಹೋಗಿ ಅದು ಹದಿನಾರು ಸಾವಿರ ದಾಟಿತು. ಕೈಗೂಡದ ಪ್ರಯೋಗಗಳೂ ಅದರಲ್ಲಿವೆ.

ಗಣಿತ ಬರದವನ ಅಲೆಗಳು

ಈಗ ನಾಲ್ಕನೇದು. ಫ್ಯಾರಡೆಯ ಬರಹಗಳಲ್ಲಿ ಸಮೀಕರಣಗಳು ಹುಡುಕಿದರೂ ಸಿಗೋದು ಕಷ್ಟ. ಆತ ಯೋಚಿಸ್ತಿದ್ದುದು ಚಿತ್ರಗಳಲ್ಲಿ. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಬಿಡಿಸೋ ಗೆರೆಗಳು ಆತನಿಗೆ ನಿಜವಾದ ವಸ್ತುಗಳೇ ಆಗಿದ್ದವು. ತುಂಬಾ ಜನ ಗಣಿತಜ್ಞರಿಗೆ ಅದು ಹಿಡಿಸಲಿಲ್ಲ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮಾತ್ರ ಆ ಗೆರೆಗಳನ್ನು ಗಂಭೀರವಾಗಿ ತಗೊಂಡು ಸಮೀಕರಣ ಮಾಡಿದ. ಅದರಿಂದ ಅಲೆಗಳು ಹೊರಬಂದವು, 1880ರ ದಶಕದ ಕೊನೆಯಲ್ಲಿ ಹರ್ಟ್ಸ್ ಅವನ್ನು ಲ್ಯಾಬಿನಲ್ಲಿ ಹಿಡಿದು ತೋರಿಸಿದ. ನಮ್ಮ ಸೆನ್ಸರ್ ಹೆಸರಿನಲ್ಲಿರೋ ವೈರ್‌ಲೆಸ್ ಅನ್ನೋ ಪದದ ಹಿಂದೆ ಇರೋದು ಈ ಕಥೆ. ಎಂ3, ಎಂ4 ಬ್ಯಾಕ್ ಇಟ್ಟುಕೊಂಡೋರು ಇದನ್ನು ನೆಪ ಮಾಡ್ಕೋಬೇಡಿ. ಫ್ಯಾರಡೆಗೂ ಒಬ್ಬ ಮ್ಯಾಕ್ಸ್‌ವೆಲ್ ಬೇಕಾದ. ಆದರೆ ಗಣಿತ ಬರಲ್ಲ ಅಂತ ಲ್ಯಾಬಿನಿಂದಲೇ ದೂರ ಉಳಿಯೋರಿಗೆ ಈ ಜೀವನದಲ್ಲಿ ಒಂದು ಉತ್ತರ ಇದೆ.

ಕನ್ನಡ ಸಂಘದವರಾಗಿ ಇನ್ನೊಂದು ಹೇಳಲೇಬೇಕು. ತಾನು ಕಂಡಿದ್ದಕ್ಕೆ ಸರಿಯಾದ ಪದ ಇಲ್ಲ ಅಂತ ಫ್ಯಾರಡೆ ವಿಲಿಯಂ ಹ್ಯೂಯೆಲ್ ಅನ್ನೋ ವಿದ್ವಾಂಸರನ್ನು ಕೇಳಿದ. ಆನೋಡ್, ಕ್ಯಾಥೋಡ್, ಅಯಾನ್ ಹುಟ್ಟಿದ್ದು ಹಾಗೆ, 1834ರಲ್ಲಿ. ಹೊಸ ವಿಷಯಕ್ಕೆ ಹೊಸ ಪದ ಬೇಕಾಗೋದು ಯಾವ ಭಾಷೆಗೂ ಕೊರತೆ ಅಲ್ಲ.

ಕೊನೆಯ ವರ್ಷಗಳಲ್ಲಿ ನೆನಪು ಕೈಕೊಡ್ತಾ ಬಂತು. ತಾನೇ ಮಾಡಿದ ಪ್ರಯೋಗ ಮರೆತುಹೋಗ್ತಿತ್ತು, ಡೈರಿಯೇ ಆಸರೆ. ಹೆಂಡತಿ ಸಾರಾ ಜೊತೆಗಿದ್ದರು. ಆಗಲೂ ಕ್ರಿಸ್ಮಸ್ ಸಮಯದಲ್ಲಿ ಮಕ್ಕಳಿಗೆ ಉಪನ್ಯಾಸ ಕೊಡೋದು ತಕ್ಷಣ ಬಿಡಲಿಲ್ಲ, ಒಟ್ಟು ಹತ್ತೊಂಬತ್ತು ಸರಣಿ ನಡೆಸಿದ. ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಎರಡು ಸಲ ಬಂದಾಗಲೂ ಬೇಡ ಅಂದ. 1858ರಲ್ಲಿ ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಇರೋಕೆ ಮನೆ ಕೊಟ್ಟರು. 1867ರ ಆಗಸ್ಟ್ 25ರಂದು ಅಲ್ಲೇ ತೀರಿಕೊಂಡ. ಹೈಗೇಟ್ ಸ್ಮಶಾನದ ಕಲ್ಲಿನ ಮೇಲೆ ಇರೋದು ಹೆಸರು, ಹುಟ್ಟಿದ ದಿನ, ಸತ್ತ ದಿನ. ಬಿರುದು ಒಂದೂ ಇಲ್ಲ. ಕೆಪಾಸಿಟರ್ ಮೇಲೆ ಮೈಕ್ರೋಫ್ಯಾರಡ್ ಅಂತ ಓದುವಾಗ ನಾವು ಹೇಳೋದು ಆ ಹೆಸರನ್ನೇ.

ನಿಮ್ಮ ಮನೆಯಲ್ಲೂ ಫ್ರಿಜ್ಜಿನಲ್ಲಿ ಔಷಧಿ ಇದ್ದರೆ ಈ ವಾರ ಒಂದು ಕೆಲಸ ಮಾಡಿ. ಮಾಮೂಲಿ ಥರ್ಮಾಮೀಟರ್ ಆದರೂ ಪರವಾಗಿಲ್ಲ, ನೀರಿನ ಲೋಟದಲ್ಲಿಟ್ಟು ಔಷಧಿ ಪಕ್ಕ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದು ಓದಿ, ಬರೆದಿಡಿ. 2ಕ್ಕಿಂತ ಕೆಳಗೋ 8ಕ್ಕಿಂತ ಮೇಲೋ ಬಂದರೆ ಮೊದಲು ಔಷಧಿಯ ಜಾಗ ಬದಲಾಯಿಸಿ, ಫ್ರಿಜ್ಜಿನ ಗುಂಡಿ ತಿರುಗಿಸಿ. ಇಟ್ಟಿದ್ದ ಔಷಧಿ ಬಳಸಬಹುದಾ ಅಂತ ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಸೆನ್ಸರ್ ಆರಿಸೋದು ಅದಾದ ಮೇಲಿನ ಮಾತು, ಅದಕ್ಕೆ ನಾವಿದ್ದೀವಿ.