ತಬ್ಬಲಿಗಳ ಕೈಗೆ ಶ್ರುತಿ ಕೊಟ್ಟ ಗವಾಯಿ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಸಂಗೀತಪ್ರೇಮಿ ಕನ್ನಡಿಗರು ಕಡಿಮೆ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ಬಾಲಕನ ಕಂಠ ಕೇಳಿದ ಹಾನಗಲ್ ಕುಮಾರ ಸ್ವಾಮಿಗಳು ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು. ಕರ್ನಾಟಕಿ ಪಾಠ ಮೈಸೂರಿನಲ್ಲಿ, ಹಿಂದೂಸ್ತಾನಿ ಪಾಠ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ.

ಕಲಿತದ್ದನ್ನು ಅವರು ದರಬಾರುಗಳಿಗೆ ಒಯ್ಯಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತಿದರು. ಶಾಲೆಗೆ ಆಗ ಸ್ವಂತ ಸೂರಿರಲಿಲ್ಲ, ಬಿಡಾರ ಬಿಟ್ಟಲ್ಲೇ ಪಾಠ. ಗದುಗಿನಲ್ಲಿ ನೆಲೆ ಸಿಕ್ಕಿದ್ದು ಆಮೇಲೆ. ಖರ್ಚು ತೂಗಿಸಲು ನಾಟಕ ಕಂಪನಿಯೂ ಹುಟ್ಟಿತು.

ಹಾಗೆ ಬಂದವರಲ್ಲಿ ಒಬ್ಬರು ದೇವಗಿರಿಯ ಪುಟ್ಟರಾಜರು. 1914ರಲ್ಲಿ ಹುಟ್ಟಿ ಬಾಲ್ಯದಲ್ಲೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದವರು. ಗುರುಗಳ ಬಳಿ ಹಾಡಿದರು, ಹಾರ್ಮೋನಿಯಂ, ತಬಲಾ ನುಡಿಸಿದರು. ಕಂಪನಿಯಲ್ಲಿ ಸ್ತ್ರೀಪಾತ್ರ ಕಟ್ಟಿದರು, ಮುಂದೆ ನಾಟಕಗಳನ್ನೇ ಬರೆದರು. ಬೆಳಗಾದರೆ ಶ್ರುತಿ ಹಿಡಿಯುವ ಕೆಲಸ, ಪಕ್ಕದಲ್ಲಿ ತನ್ನಂಥದೇ ಹುಡುಗರು, ರಾತ್ರಿ ಎದುರಿಗೆ ಕೂತು ಕೇಳುವ ಜನ. ದುಃಖ ಮರೆಸಲು ಒಂದು ಮಗುವಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗಂತೂ ತೋಚದು. ಕುರುಡ, ಪರದೇಶಿ ಎಂದು ಕರೆದ ಊರೇ ಆಮೇಲೆ ಗವಾಯಿಗಳೇ ಎಂದು ಕೈಮುಗಿಯುತ್ತಿತ್ತು!

1944ರ ಜೂನ್‌ನಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು. ಮಕ್ಕಳು ಮತ್ತೊಮ್ಮೆ ತಬ್ಬಲಿಗಳಾಗಬೇಕಿತ್ತು. ಮೂವತ್ತರ ಹರೆಯದ ಪುಟ್ಟರಾಜರು ಆಶ್ರಮದ ಭಾರ ಹೊತ್ತರು. 2010ರಲ್ಲಿ ಕಣ್ಮುಚ್ಚುವವರೆಗೆ, 66 ವರ್ಷ, ಇಳಿಸಲಿಲ್ಲ.